ತಾಳಿ, ತೆಂಗಿನಕಾಯಿ, ಸಮ್ಮತಿ: ಮೈಸೂರು ಮಿಷನ್ನಿನ ವಿವಾಹಸಿದ್ಧತೆಯ ಒಂದು ಅಧ್ಯಾಯ

ಪೋಪರ ಪ್ರತಿನಿಧಿ ತುರ್ನೋನ್ ಚೀನಾಕ್ಕೆ ಹೋಗುವ ಹಾದಿಯಲ್ಲಿ ಪುದುಚೇರಿಯಲ್ಲಿ ತಂಗಿದ್ದಾಗ, 1704ರ ಜೂನ್ 23ರ ದಿನಾಂಕದ ಒಂದು ಆಜ್ಞಾಪತ್ರವನ್ನು ಹೊರಡಿಸಿದರು. ಮಧುರೆ, ಮೈಸೂರು ಮತ್ತು ಕರ್ನಾಟಿಕ್ ಮಿಷನ್ನುಗಳ ಯೇಸುಸಭೆಯ ಗುರುಗಳು ಅದಕ್ಕೆ ಬದ್ಧರಾಗಬೇಕಿತ್ತು. ಲಿಯೊನಾರ್ಡೊ ಚಿನ್ನಮಿ 17ನೆಯ ಶತಮಾನದ ಮಧ್ಯದಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ಮಿಷನ್ ಸಹ ಹೀಗೆ ಅದರ ವ್ಯಾಪ್ತಿಗೆ ಬಂದಿತು. ಮಲಬಾರ್ ವಿಧಿಗಳ ವಿವಾದವೆಂದು ಇದನ್ನು ಓದುವುದು ರೂಢಿ. ಅದರ ಹಲವು ಕಲಮುಗಳು ಮದುವೆಗೆ ಸಂಬಂಧಿಸಿದವು ಎಂಬುದನ್ನು ನಾವು ಬೇಗ ಮರೆಯುತ್ತೇವೆ.

ವಿಗ್ರಹದ ಗುರುತುಳ್ಳ ತಾಳಿ ನಿಷಿದ್ಧ. ಶಿಲುಬೆಯ ಅಥವಾ ಮಾತೆ ಮರಿಯಳ ಗುರುತಿದ್ದರೆ ಸಮ್ಮತ. ಅರಿಸಿನ ಹಚ್ಚಿದ 108 ಎಳೆಗಳ ದಾರ, ಅರಳಿಯ ಕೊಂಬೆ, ಶಕುನಕ್ಕಾಗಿ ಒಡೆಯುವ ತೆಂಗಿನಕಾಯಿ ನಿಷಿದ್ಧ. ಒಳನಾಡಿಗೆ ಕಾಲಿಡದ, ಬಹುಕಾಲ ಅಸ್ವಸ್ಥರಾಗಿಯೇ ಇದ್ದ ಪ್ರತಿನಿಧಿಯ ತೀರ್ಪು ಇದು. ಕೃಷ್ಣರಾಜಪೇಟೆ ತಾಲ್ಲೂಕಿನ ಸಿಂಧಘಟ್ಟದಂತಹ ತೆಂಗಿನ ಸೀಮೆಯಲ್ಲಿ ಕಾಯಿ ಇಲ್ಲದ ಮಂಗಳಕಾರ್ಯವನ್ನು ಊಹಿಸಿಕೊಳ್ಳಲು ಪ್ರಯತ್ನಿಸಿದರೆ ಸಾಕು, ಆಜ್ಞೆ ಎಷ್ಟು ದೂರದಿಂದ ಬಂದಿತೆಂದು ತಿಳಿಯುತ್ತದೆ. ತೆಂಗಿನಕಾಯಿಯ ವಿಷಯದಲ್ಲಿ ತುರ್ನೋನರನ್ನು ಸಮರ್ಥಿಸುವ ಉತ್ಸಾಹ ನನಗಿಲ್ಲ.

ಆದರೆ ಅದೇ ಪತ್ರದ ಮತ್ತೊಂದು ಕಲಮಿನಲ್ಲಿ ಅವರು ಸರಿಯಾಗಿದ್ದರು. ಆರೇಳು ವರ್ಷದ, ಕೆಲವೊಮ್ಮೆ ಇನ್ನೂ ಎಳೆಯ ಮಕ್ಕಳಿಗೆ ತಂದೆತಾಯಿಯರ ಒಪ್ಪಿಗೆಯಿಂದ ತಾಳಿ ಕಟ್ಟಿಸಿ, ಅದನ್ನು ಅಳಿಯದ ಬಂಧವೆಂದು ಭಾವಿಸುತ್ತಿದ್ದರು. ಕ್ರೈಸ್ತರಲ್ಲಿ ಇಂತಹ ಮದುವೆಗೆ ಅವಕಾಶ ಕೊಡಕೂಡದೆಂದು ಪತ್ರ ವಿಧಿಸಿತು. ಇದಕ್ಕೆ ಆಧಾರ ಟ್ರೆಂಟ್ ಮಹಾಸಭೆಯ 1563ರ ‘ತಾಮೆತ್ಸಿ’ ಶಾಸನ. ಮೂರು ಬಾರಿಯ ಬಹಿರಂಗ ಪ್ರಕಟಣೆ, ಧರ್ಮಕೇಂದ್ರದ ಗುರು, ಸಾಕ್ಷಿಗಳು, ಇವುಗಳ ನಡುವೆ ವಧೂವರರು ತಾವೇ ಸಮ್ಮತಿ ನುಡಿಯಬೇಕು. ತಂದೆತಾಯಿಯರ ಒಪ್ಪಿಗೆಯಿಲ್ಲದ ಮದುವೆ ಅಷ್ಟರಿಂದಲೇ ಅಸಿಂಧುವಾಗುತ್ತದೆ ಎಂಬ ಮಾತನ್ನು ಆ ಮಹಾಸಭೆ ತಳ್ಳಿಹಾಕಿತ್ತು. ಆರು ವರ್ಷದ ಬಾಲಕಿಯ ‘ಹೌದು’ ಯಾರದು ಎಂಬ ಪ್ರಶ್ನೆ ಆಗ ತಾನಾಗಿಯೇ ಏಳುತ್ತದೆ.

ಹಾಗೆಂದು ನಾವು ಹೆಮ್ಮೆಪಡುವಂತಿಲ್ಲ. ಮೈಸೂರು ಸಂಸ್ಥಾನ 1894ರಲ್ಲಿ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ಮತ್ತು ಐವತ್ತು ದಾಟಿದ ಗಂಡಸಿಗೆ ಹದಿನಾಲ್ಕು ತುಂಬದ ಹುಡುಗಿಯನ್ನು ಕೊಡುವುದನ್ನು ನಿಷೇಧಿಸಿದಾಗ, ಧರ್ಮಸಭೆಯ ಕಾನೂನಿನಲ್ಲಿ ವಧುವಿನ ವಯಸ್ಸು ಇನ್ನೂ ಹನ್ನೆರಡೇ ಆಗಿತ್ತು. ಅದು ಹದಿನಾಲ್ಕಕ್ಕೆ ಏರಿದ್ದು 1917ರ ಸಂಹಿತೆಯಲ್ಲಿ.

ಹದಿನಾಲ್ಕನೆಯ ಬೆನೆಡಿಕ್ಟರು 1744ರಲ್ಲಿ ವಿವಾದಕ್ಕೆ ತೆರೆ ಎಳೆದರು. ವಿಧಿಗಳ ಕುರಿತು ಮಿಷನರಿಗಳು ಮಾಡಬೇಕಿದ್ದ ಪ್ರಮಾಣ 1940ರವರೆಗೂ ಉಳಿಯಿತು. ಈ ಇಡೀ ಕಥೆಯಲ್ಲಿ ಮದುವೆಯೆಂದರೆ ಒಂದು ದಿನ: ಏನು ಕಟ್ಟಬೇಕು, ಏನು ಒಡೆಯಬಾರದು, ಯಾರು ನುಡಿಯಬೇಕು. ಇಪ್ಪತ್ತನೆಯ ವರ್ಷದಲ್ಲಿ ಆ ದಂಪತಿಗಳ ಪ್ರೀತಿ ಹೇಗಿದೆಯೆಂದು ಯಾವ ಕಲಮೂ ಕೇಳಲಿಲ್ಲ. 1981ರ ‘ಫಮಿಲಿಯಾರಿಸ್ ಕೊನ್ಸೊರ್ತಿಯೊ’ ಸಿದ್ಧತೆಯನ್ನು ದೂರದ, ಸಮೀಪದ, ತಕ್ಷಣದ ಎಂಬ ಮೂರು ಹಂತಗಳಲ್ಲಿ ವಿವರಿಸಿ, ಮದುವೆಯ ನಂತರದ ಪಾಲನೆಯನ್ನೂ ಸ್ಥಳೀಯ ಧರ್ಮಸಭಾ ಸಮುದಾಯದ ಎಲ್ಲ ಸದಸ್ಯರಿಗೆ ಒಪ್ಪಿಸಿತು. 1983ರ ಸಂಹಿತೆಯ 1063ನೆಯ ನಿಯಮ ವಿವಾಹಿತರಿಗೆ ನೀಡಬೇಕಾದ ನೆರವನ್ನು ನಾಲ್ಕನೆಯ ಕರ್ತವ್ಯವಾಗಿ ಹೇಳುತ್ತದೆ. ಪ್ರಕಟಣೆ ಓದುವುದು, ವಿಚಾರಣಾಪತ್ರ ತುಂಬುವುದು, ತರಬೇತಿಗೆ ಕಳುಹಿಸುವುದು ನಮಗೆ ಅಭ್ಯಾಸವಾಗಿದೆ. ಈ ನಾಲ್ಕನೆಯದಕ್ಕೆ ಮಾತ್ರ ತುಂಬಬೇಕಾದ ನಮೂನೆಯಿಲ್ಲ. ಮನೆಗೆ ಹೋಗಿ ಕುಳಿತುಕೊಳ್ಳಬೇಕಾಗುತ್ತದೆ, ಮದುವೆಯಾಗಿ ಎರಡು ವರ್ಷವಾದವರ ಮನೆಗೂ, ಮೂವತ್ತು ವರ್ಷವಾದವರ ಮನೆಗೂ.