ನಾಣ್ಯಾಂತರವೂ ಪೂರ್ಣಾಂಕದ ನಿಯಮವೂ

ಒಂದು ಎಣಿಕೆಯ ಪದ್ಧತಿಯಿಂದ ಮತ್ತೊಂದಕ್ಕೆ ಮೌಲ್ಯಗಳನ್ನು ಸಾಗಿಸುವಾಗ ಉಳಿಯುವ ಭಿನ್ನಾಂಶವನ್ನು ಏನು ಮಾಡತಕ್ಕದ್ದೆಂಬುದು ಕೇವಲ ಗಣಿತದ ಪ್ರಶ್ನೆಯಲ್ಲ; ಅದು ಆಡಳಿತದ ಇತಿಹಾಸಕ್ಕೂ ಸೇರಿದ ಪ್ರಶ್ನೆ. ಹತ್ತು ವರ್ಷಗಳೊಳಗೆ ಎರಡು ನಾಣ್ಯಾಂತರಗಳನ್ನು ಕಂಡ ಚಿಂಚೋಳಿ ಪ್ರದೇಶವು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಈ ಪ್ರದೇಶದಲ್ಲಿ ಹಾಲಿ ಸಿಕ್ಕಾ ರೂಪಾಯಿ ಚಲಾವಣೆಯಲ್ಲಿದ್ದಿತು. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. 1950ರಲ್ಲಿ ಬಂದ ಭಾರತೀಯ ರೂಪಾಯಿಯು, ಎಂದರೆ ಜನರ ಮಾತಿನ ಕಲ್ದಾರ್, 7 ಹಾಲಿಗೆ 6ರಂತೆ ವಿನಿಮಯವಾಯಿತು. 1956ರ ನವೆಂಬರ್ 1ರಂದು ಚಿಂಚೋಳಿಯು ಮೈಸೂರು ರಾಜ್ಯಕ್ಕೆ ಸೇರಿತು. ಐದು ತಿಂಗಳು ಕಳೆದು, 1957ರ ಏಪ್ರಿಲ್ 1ರಂದು, 16 ಆಣೆಯ ರೂಪಾಯಿಯು 100 ನಯಾ ಪೈಸೆಯದಾಯಿತು.

ಒಂದು ಆಣೆಗೆ 6.25 ನಯಾ ಪೈಸೆ; ಆದರೆ ಕಾಲು ಪೈಸೆಯ ನಾಣ್ಯವಿಲ್ಲ. ಆದುದರಿಂದ, ಅರ್ಧ ಪೈಸೆ ಅಥವಾ ಅದಕ್ಕಿಂತ ಕಡಮೆಯಾದುದನ್ನು ಬಿಡತಕ್ಕದ್ದು, ಅರ್ಧಕ್ಕೆ ಮೀರಿದುದನ್ನು ಒಂದು ಪೈಸೆಯೆಂದು ಎಣಿಸತಕ್ಕದ್ದು ಎಂಬ ನಿಯಮವಾಯಿತು. ಅದರಂತೆ 1 ಆಣೆಗೆ 6, 2 ಆಣೆಗೆ 12, 3 ಆಣೆಗೆ 19, 4 ಆಣೆಗೆ 25 ಪೈಸೆ. ಹದಿನಾರು ಸಲ ಒಂದೊಂದೇ ಆಣೆ ಪಡೆಯಬೇಕಾದವನಿಗೆ ಆಗ ದೊರೆಯುವುದು 96 ಪೈಸೆ. ಒಟ್ಟಾಗಿ ಪಡೆದವನಿಗೆ ಪೂರ್ತಿ ರೂಪಾಯಿ. ಬಿಡಿಬಿಡಿಯಾಗಿ ಗಳಿಸುವ ಬಡವನಿಗೆ ಈ ನಾಲ್ಕು ಪೈಸೆ ಅಲ್ಪವಲ್ಲ. ಪರಿವರ್ತನೆಯ ಕ್ರಮವೂ ಫಲವನ್ನು ಬದಲಿಸುತ್ತದೆ. ಒಂದು ಹಾಲಿ ರೂಪಾಯಿಯು ನೇರವಾಗಿ 86 ಪೈಸೆಯಾಗುತ್ತದೆ. ಮೊದಲು ಅದನ್ನು 13 ಆಣೆಗೆ ಇಳಿಸಿದರೆ 81, 14 ಆಣೆಗೆ ಏರಿಸಿದರೆ 87.

ಇದೇ ಸಮಸ್ಯೆ ಗಣಕಯಂತ್ರದ ಭಾಷೆಗಳಲ್ಲಿ ಮರಳಿ ಬಂದಿರುವುದು ಗಮನಾರ್ಹ. ಸಿ ಭಾಷೆಯಲ್ಲಿ ಪೂರ್ಣಾಂಕಗಳಾದ 25ನ್ನು 2ರಿಂದ ಭಾಗಿಸಿದರೆ 12 ಬರುತ್ತದೆ. 1995ರಲ್ಲಿ ಹುಟ್ಟಿದ ಜಾವಾಸ್ಕ್ರಿಪ್ಟ್‌ನಲ್ಲಿ ಸಾಮಾನ್ಯ ಸಂಖ್ಯೆಗಳೆಲ್ಲವೂ ದಶಮಾಂಶವನ್ನು ಧರಿಸಬಲ್ಲ ಒಂದೇ ಬಗೆಯವು. ಆದುದರಿಂದ ಅಲ್ಲಿ ಉತ್ತರ 12.5. ಸಿ ಭಾಷೆಯ ಬರಹವನ್ನು ಜಾವಾಸ್ಕ್ರಿಪ್ಟಿಗೆ ತರುವ ಕಂಪೈಲರು ಮೂಲದ ಅರ್ಥವನ್ನು ಉಳಿಸಲು ಇಂಥ ಕಡೆ ಭಿನ್ನಾಂಶವನ್ನು ಕತ್ತರಿಸುವ ಒಂದು ಕ್ರಿಯೆಯನ್ನು ತಾನೇ ಸೇರಿಸಬೇಕಾಗುತ್ತದೆ. 2013ರಲ್ಲಿ ಮೊಜಿಲ್ಲಾ ಪ್ರಕಟಿಸಿದ ಆಸ್ಮ್‌ಜೆಎಸ್ ಈ ರೂಢಿಯನ್ನೇ ನಿಯಮಬದ್ಧಗೊಳಿಸಿತು.

ಎರಡಾಣೆ, ಮೂರಾಣೆಗಳ 12.5 ಮತ್ತು 18.75ನ್ನು ಈ ಯಂತ್ರಕ್ಕೆ ಕೊಟ್ಟು ನೋಡಬಹುದು. ಕತ್ತರಿಸುವ ಕ್ರಿಯೆಯು 12 ಮತ್ತು 18 ಎನ್ನುತ್ತದೆ. ಸಮೀಪದ ಪೂರ್ಣಾಂಕಕ್ಕೆ ತರುವ ಕ್ರಿಯೆಯು 13 ಮತ್ತು 19 ಎನ್ನುತ್ತದೆ. 1957ರ ನಿಯಮದ ಉತ್ತರ 12 ಮತ್ತು 19. ಎರಡು ಕ್ರಿಯೆಗಳಲ್ಲಿ ಯಾವುದೊಂದೂ ಅದನ್ನು ಪೂರ್ತಿಯಾಗಿ ಕೊಡುವುದಿಲ್ಲ.

ಇದರಿಂದ ತಿಳಿಯುವುದಿಷ್ಟು: ಪದ್ಧತಿಯನ್ನು ಬದಲಿಸುವವರು ಸಂಖ್ಯೆಯೊಡನೆ ಅದರ ನಿಯಮವನ್ನೂ ಸಾಗಿಸಬೇಕು; ಎಲ್ಲಿ, ಎಷ್ಟು ಸಲ ಭಿನ್ನಾಂಶವನ್ನು ಬಿಡಲಾಯಿತೆಂಬುದನ್ನು ದಾಖಲಿಸಬೇಕು. ಹಾಲಿ ಸಿಕ್ಕಾದ ಹಳೆಯ ಲೆಕ್ಕಪತ್ರಗಳನ್ನು ಗಣಕಯಂತ್ರಕ್ಕೆ ಏರಿಸಹೊರಡುವ ಇತಿಹಾಸದ ವಿದ್ಯಾರ್ಥಿಗೆ ಈ ಎಚ್ಚರವು ವಿಶೇಷವಾಗಿ ಅವಶ್ಯಕ.