ಮೂರು ಲೈಫಿನ ಲೆಕ್ಕ

ಚೆನ್ನೈ ಇನ್ನೂ ಮದ್ರಾಸಾಗಿದ್ದ 1990ರ ದಶಕದ ಮಾತು. ಮೌಂಟ್ ರೋಡಿನ ಪಕ್ಕದ ರಿಚಿ ಸ್ಟ್ರೀಟಿನಲ್ಲಿ, ಬೀಚ್ ಸ್ಟೇಷನ್ ಬಳಿಯ ಬರ್ಮಾ ಬಜಾರಿನಲ್ಲಿ ಟಿವಿ ಗೇಮಿನ ಕ್ಯಾಸೆಟ್‌ಗಳು ಸಿಗುತ್ತಿದ್ದವು. ಮೇಲೆ ‘9999 ಇನ್ 1’ ಎಂಬ ಬರಹ. ಒಳಗೆ ಬೆರಳೆಣಿಕೆಯ ಆಟಗಳು. ಮಿಕ್ಕ ಸಾಲುಗಳಲ್ಲೆಲ್ಲ ಅದೇ ಮಾರಿಯೋ, ಅದೇ ಕಾಂಟ್ರಾ. ಶುರುವಾಗುವ ಲೆವೆಲ್ ಬೇರೆ, ಲೈಫುಗಳ ಎಣಿಕೆ ಬೇರೆ, ಅಷ್ಟೇ. ಕೊಂಡವರಿಗೆ ಅದು ಮೋಸ. ಆದರೆ ನೆಗೆದು ಸಾಗುವ ಪ್ಲಾಟ್‌ಫಾರ್ಮ್ ಆಟಗಳು ಮುಂದೆ ಹಿಡಿದ ದಾರಿ ಆ ಪಟ್ಟಿಯಲ್ಲೇ ಇತ್ತು.

ಈ ಆಟಗಳ ಕಷ್ಟ ಹುಟ್ಟಿದ್ದು ಚಿಲ್ಲರೆ ಕಾಸಿನಿಂದ. 1981ರ ಡಾಂಕಿ ಕಾಂಗ್ ನಾಣ್ಯ ಹಾಕಿ ಆಡುವ ಯಂತ್ರ. ಆಡುವವನು ಬೇಗ ಸತ್ತರೇ ಅಂಗಡಿಯವನಿಗೆ ವ್ಯಾಪಾರ. ಆಟ ಮನೆಯ ಟಿವಿಗೆ ಬಂದಾಗ ನಾಣ್ಯ ಹೋಯಿತು, ಮೂರು ಲೈಫಿನ ಲೆಕ್ಕ ಉಳಿಯಿತು. 1985ರ ಸೂಪರ್ ಮಾರಿಯೋ ಬ್ರದರ್ಸ್‌ನ ಗಾತ್ರ ಬರೀ 40 ಕಿಲೋಬೈಟ್, 32 ಹಂತ. ಇಷ್ಟು ಚಿಕ್ಕ ಆಟ ತಿಂಗಳುಗಟ್ಟಲೆ ಬಾಳಬೇಕಾದರೆ ಸೋಲಿಸುತ್ತಲೇ ಇರಬೇಕು. 1986ರಲ್ಲಿ ಜಪಾನಿನಲ್ಲಿ ಬಂದ ಮುಂದಿನ ಭಾಗವಂತೂ ಅತಿ ಕಠಿಣವೆಂದು ಆಗ ಅಮೆರಿಕಕ್ಕೆ ಹೋಗಲಿಲ್ಲ. ಅಲ್ಲಿಗೆ ಬೇರೊಂದು ಆಟವನ್ನೇ ಮಾರಿಯೋ ವೇಷ ತೊಡಿಸಿ ಕಳಿಸಿದರು. ನಮ್ಮಲ್ಲಿ ಇನ್ನೊಂದು ಶತ್ರುವೂ ಇತ್ತು. ಆಟವನ್ನು ಉಳಿಸಿಡುವ ಸೌಕರ್ಯವಿಲ್ಲ, ಕರೆಂಟು ಹೋದರೆ ಮತ್ತೆ ಮೊದಲ ಹಂತ.

ಶಾಲೆಯ ಕಂಪ್ಯೂಟರ್ ಲ್ಯಾಬಿಗೆ ಡೇಂಜರಸ್ ಡೇವ್, ಪ್ರಿನ್ಸ್ ಆಫ್ ಪರ್ಷಿಯಾ ಬಂದವು. 1989ರ ಪ್ರಿನ್ಸ್‌ನಲ್ಲಿ ಲೈಫಿಗೆ ಮಿತಿಯಿಲ್ಲ, ಸಮಯಕ್ಕೆ ಮಿತಿ: 60 ನಿಮಿಷ. ಸತ್ತರೆ ಹೋಗುವುದು ಲೈಫಲ್ಲ, ಹೊತ್ತು.

ಆಮೇಲೆ ಪಟ್ಟು ಸಡಿಲವಾಯಿತು. 1990ರ ಸೂಪರ್ ಮಾರಿಯೋ ವರ್ಲ್ಡ್ ಆಡಿದಷ್ಟನ್ನು ಉಳಿಸಿಟ್ಟಿತು. 1996ರ ಮಾರಿಯೋ 64ರಲ್ಲಿ 120 ನಕ್ಷತ್ರಗಳಿದ್ದರೂ 70 ಗಳಿಸಿದರೆ ಆಟ ಮುಗಿಸಬಹುದಿತ್ತು; ಉಳಿದದ್ದು ಹಟವಿದ್ದವರಿಗೆ. 2003ರಲ್ಲಿ ಪ್ರಿನ್ಸ್ ಮತ್ತೆ ಬಂದಾಗ ಕಾಲವನ್ನೇ ಹಿಂದಕ್ಕೆ ತಿರುಗಿಸಿ ಜಾರಿದ ನೆಗೆತವನ್ನು ತಿದ್ದಿಕೊಂಡ. 2009ರ ಮಾರಿಯೋ ಎಂಟು ಸಲ ಸತ್ತವರಿಗೆ ಹಂತ ದಾಟಿ ತೋರಿಸುವ ಲುಯಿಜಿ ಎಂಬ ಜೊತೆಗಾರನನ್ನು ಕಳಿಸಿತು.

ಕಷ್ಟ ಮುಗಿಯಿತು ಅನ್ನುವಷ್ಟರಲ್ಲಿ 2010ರ ಸೂಪರ್ ಮೀಟ್ ಬಾಯ್ ಬಂತು. ಹೆಜ್ಜೆಗೊಂದು ಗರಗಸ, ಆದರೆ ಸತ್ತ ಮರುಕ್ಷಣವೇ ಮತ್ತೆ ಓಟ. ನೆಗೆತ ಕಠಿಣವಾಯಿತು, ಸಾವು ಅಗ್ಗವಾಯಿತು. 2018ರ ಸೆಲೆಸ್ಟ್ ಇನ್ನೂ ಮುಂದೆ ಹೋಯಿತು. ಅಂಚು ದಾಟಿದ ಮೇಲೂ ಕಣ್ಣಿಗೆ ಕಾಣದಷ್ಟು ಹೊತ್ತು ನೆಗೆಯಲು ಬಿಡುತ್ತದೆ. ಸಾಲದಿದ್ದರೆ ಆಟದ ವೇಗ ತಗ್ಗಿಸಬಹುದು, ಸಾವನ್ನೇ ನಿಲ್ಲಿಸಬಹುದು.

ಕಷ್ಟವನ್ನು ಬೇಕಾದಷ್ಟು ತಗ್ಗಿಸಿಕೊಳ್ಳುವ ಈ ಆಯ್ಕೆಯನ್ನೇ ರಿಚಿ ಸ್ಟ್ರೀಟಿನ ಕ್ಯಾಸೆಟ್ ಒಂದೂ ಮಾತಿಲ್ಲದೆ ಕೊಟ್ಟಿತ್ತು. 30 ಲೈಫ್ ಇಟ್ಟುಕೊಂಡು ಕಾಂಟ್ರಾ ಮುಗಿಸಿದವನು ಗೆದ್ದನೇ ಇಲ್ಲವೇ ಎಂದು ಅಂದು ಹುಡುಗರು ಜಗಳವಾಡುತ್ತಿದ್ದರು. ಆಟಗಳು ಬದಲಾಗಿವೆ, ಆ ಜಗಳ ಇನ್ನೂ ಅದೇ ಲೆವೆಲ್‌ನಲ್ಲಿದೆ.