ವಾಗ್ಗೇಯಕಾರರಾಗಿ ಶ್ರೀ ವಾದಿರಾಜರು

ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ವಾಕ್ಕನ್ನು ‘ಮಾತು’ ಎಂದೂ ಗೇಯವನ್ನು ‘ಧಾತು’ ಎಂದೂ ಕರೆದು, ಇವೆರಡನ್ನೂ ರಚಿಸಬಲ್ಲವನೇ ವಾಗ್ಗೇಯಕಾರನೆಂದು ನಿರ್ದೇಶಿಸಿದ್ದಾನೆ. ತುಳುನಾಡಿನಲ್ಲಿ ಈ ಹೆಸರಿಗೆ ತಕ್ಕವರನ್ನು ಅರಸಿದರೆ ಮೊದಲು ನೆನಪಿಗೆ ಬರುವವರು ಶ್ರೀ ವಾದಿರಾಜತೀರ್ಥರು. ಅವರ ಕೃತಿಗಳಲ್ಲಿ ಮಾತು ಉಳಿದಿದೆ; ಅದಕ್ಕೆ ಅವರೇ ಹೊಂದಿಸಿದ ಧಾತು ಮಾತ್ರ ನಮಗೆ ದೊರೆತಿಲ್ಲ.

ಉಡುಪಿಯಿಂದ ಬಡಗಣಕ್ಕೆ ಸಂತೆಕಟ್ಟೆ, ಕಲ್ಯಾಣಪುರ, ಬ್ರಹ್ಮಾವರಗಳನ್ನು ದಾಟಿ ಕುಂಭಾಶಿಯ ಕಡೆಗೆ ಹೋದರೆ ಅವರ ಜನ್ಮಸ್ಥಳವಾದ ಹೂವಿನಕೆರೆ ಸಿಗುತ್ತದೆ. ಸಂಪ್ರದಾಯವು ಅವರ ಜೀವಿತವನ್ನು ಕ್ರಿ. ಶ. 1480ರಿಂದ 1600ರವರೆಗೆ, ಅಂದರೆ 120 ವರ್ಷವೆಂದು ಎಣಿಸುತ್ತದೆ. ಈ ಎಣಿಕೆಯನ್ನು ಒಪ್ಪಲಿ ಬಿಡಲಿ, ಅವರು ಹದಿನಾರನೆಯ ಶತಮಾನದವರೆಂಬುದರಲ್ಲಿ ವಿವಾದವಿಲ್ಲ. ವಾಗೀಶತೀರ್ಥರಿಂದ ಸಂನ್ಯಾಸವನ್ನು ಪಡೆದರು. ಸೋದೆಯ ಅರಸಪ್ಪನಾಯಕನ ಗೌರವಕ್ಕೆ ಪಾತ್ರರಾದರು. ಅಲ್ಲಿಯೇ ಅವರ ವೃಂದಾವನವಿದೆ. ಎರಡು ತಿಂಗಳಿನ ಪರ್ಯಾಯವನ್ನು ಎರಡು ವರ್ಷಕ್ಕೆ ಏರಿಸಿದವರೂ ಅವರೇ ಎಂಬುದು ಉಡುಪಿಯ ಮಠಗಳ ಸಂಪ್ರದಾಯ.

ಪಂಡಿತವರ್ಗವು ಯುಕ್ತಿಮಲ್ಲಿಕಾ, ರುಕ್ಮಿಣೀಶವಿಜಯ, ತೀರ್ಥಪ್ರಬಂಧಗಳನ್ನು ಕೊಂಡಾಡಿ, ಹಯವದನಾಂಕಿತದ ಹಾಡುಗಳನ್ನು ಭಕ್ತಜನರಿಗೆ ಬಿಟ್ಟುಕೊಡುವುದು ವಾಡಿಕೆ. ಮಠಾಧಿಪತಿಗಳು ಕನ್ನಡದಲ್ಲಿ ಹಾಡಿದುದೇ ಅಪೂರ್ವವೆಂದು ಹೊಗಳುವವರೂ ಉಂಟು. ಇದು ಸರಿಯಲ್ಲ. ಶ್ರೀಪಾದರಾಜರೂ ವ್ಯಾಸರಾಯರೂ ಆ ದಾರಿಯನ್ನು ಮೊದಲೇ ತೆರೆದಿದ್ದರು. ವಾದಿರಾಜರ ವೈಶಿಷ್ಟ್ಯವನ್ನು ಬೇರೆಡೆ ಹುಡುಕಬೇಕು.

ಅದು ಲಕ್ಷ್ಮೀಶೋಭಾನೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಭಾಗವತದ ಅಷ್ಟಮಸ್ಕಂಧದಲ್ಲಿ ಕಡಲಿನಿಂದ ಹುಟ್ಟಿದ ಲಕ್ಷ್ಮಿಯು ಒಬ್ಬೊಬ್ಬರನ್ನಾಗಿ ಪರೀಕ್ಷಿಸುತ್ತಾಳೆ: ತಪಸ್ಸುಳ್ಳವನು ಕೋಪವನ್ನು ಗೆದ್ದಿಲ್ಲ, ಜ್ಞಾನವುಳ್ಳವನು ಸಂಗವನ್ನು ಬಿಟ್ಟಿಲ್ಲ. ಹೀಗೆ ದೋಷವನ್ನು ಎಣಿಸಿ, ನಿರ್ದೋಷನಾದ ಹರಿಯನ್ನೇ ವರಿಸುತ್ತಾಳೆ. ವಾದಿರಾಜರು ಮದುವೆಯ ಮನೆಗೆ ತಂದುದು ಈ ಸ್ವಯಂವರವನ್ನೇ. ಪೂರ್ವಪಕ್ಷಗಳನ್ನು ಒಂದೊಂದಾಗಿ ತಳ್ಳಿ ಸಿದ್ಧಾಂತವನ್ನು ನಿಲ್ಲಿಸುವ ವಾದಕ್ರಮವಲ್ಲವೆ ಇದು! ಯುಕ್ತಿಮಲ್ಲಿಕೆಯಲ್ಲಿ ಪ್ರತಿವಾದಿಗಳೆದುರು ನಡೆದ ಕೆಲಸ ಇಲ್ಲಿ ಹಸೆಯ ಮೇಲಿನ ವಧೂವರರೆದುರು ನಡೆಯುತ್ತದೆ. ಹರಿಸರ್ವೋತ್ತಮತ್ವವನ್ನು ಸಾಧಿಸಲು ಅನುಮಾನಪ್ರಮಾಣ ಬೇಕಾಗಿಲ್ಲ. ಮದುಮಗಳ ಆಯ್ಕೆಯೇ ಸಾಕಾಗಿದೆ. ಶಾಸ್ತ್ರಪಾಠಕ್ಕೆ ಅವಕಾಶವಿಲ್ಲದಿದ್ದ ಹೆಂಗಸರು ಇದನ್ನು ಪಲ್ಲವಿಯೊಡನೆ ಹಾಡಿ ಶತಮಾನಗಳ ಕಾಲ ಕಾಪಾಡಿದರು. ಸಂಸ್ಕೃತಗ್ರಂಥಗಳಿಗೆ ಟೀಕಾಕಾರರು ಮಾಡಿದ ಉಪಕಾರಕ್ಕಿಂತ ಇದು ಕಡಿಮೆಯದಲ್ಲ. ತುಳುವಿನಲ್ಲಿಯೂ ಅವರ ಹೆಸರಿನ ದಶಾವತಾರದ ಹಾಡು ಬಳಕೆಯಲ್ಲಿರುವುದನ್ನು ಇಲ್ಲಿ ಮರೆಯಬಾರದು.

ಇನ್ನು ಧಾತುವಿನ ಮಾತು. ಮುದ್ರಿತ ಸಂಪುಟಗಳಲ್ಲಿ ಕೀರ್ತನೆಗಳ ತಲೆಯ ಮೇಲೆ ರಾಗತಾಳಗಳ ಹೆಸರುಗಳಿವೆ. ಆದರೆ ದಾಸಸಾಹಿತ್ಯದಲ್ಲಿ ಒಂದೇ ಹಾಡಿಗೆ ಬೇರೆ ಬೇರೆ ಪಾಠಗಳು ಬೇರೆ ಬೇರೆ ರಾಗಗಳನ್ನು ಹೇಳುವುದು ಅಪರೂಪವಲ್ಲ. ಕಚೇರಿಯ ಗಾಯಕರು ತಮಗೆ ಒಪ್ಪಿದ ರಾಗವನ್ನು ಹೊಂದಿಸಿದರೆ ಅದರಲ್ಲಿ ತಪ್ಪಿಲ್ಲ. ಅದನ್ನು ವಾದಿರಾಜರದೆನ್ನುವುದು ಮಾತ್ರ ತಪ್ಪು. ಮನೆಯ ಹಿರಿಯ ಹೆಂಗಸರು ರಾಗದ ಹೆಸರನ್ನೇ ಎತ್ತದೆ ಹಾಡುವ ಶೋಭಾನೆಯ ಮಟ್ಟುಗಳು ಇನ್ನೂ ಹಳೆಯವಾಗಿರಬಹುದು. ಓಲೆಗರಿಗಳ ಪಾಠಾಂತರಗಳನ್ನು ಗುರುತಿಸುವಷ್ಟೇ ಎಚ್ಚರದಿಂದ, ಕುಂಭಾಶಿಯಿಂದ ಉಡುಪಿಯವರೆಗಿನ ಮನೆಗಳಲ್ಲಿ ಆ ಮಟ್ಟುಗಳನ್ನು ಸ್ವರಸಹಿತವಾಗಿ ಬರೆದಿಡುವ ಕೆಲಸವು ಹಾಡುವವರು ಇರುವಾಗಲೇ ಆಗಬೇಕಾಗಿದೆ.